ಆರು ಮಿಲಿಗ್ರಾಂ

ಫೆಬ್ರವರಿ ೨

ಈ ಪುಸ್ತಕ ಪ್ರಯೋಗಾಲಯದ್ದಲ್ಲ. ಅಲ್ಲಿಯ ಪುಸ್ತಕದಲ್ಲಿ ಬೈಗುಳ ಬರೆಯುವ ಹಾಗಿಲ್ಲ, ಅದಕ್ಕೇ ಇದನ್ನು ಬೇರೆ ಕೊಂಡೆ. ಮೊದಲ ಬೈಗುಳ ಪಕ್ಕದ ಕೋಣೆಯ ಅನುಮಾನಪ್ಪನಿಗೆ ಸಲ್ಲಬೇಕು.

ಅವನ ನಿಜವಾದ ಹೆಸರು ಬೇರೆ. ಅದರ ಹಿಂದೆ ಡಾಕ್ಟರ್ ಅಂತಲೂ ಇದೆ. ಆದರೆ ಹೊರಗೆ ಬಿಸಿಲಿದೆ ಅಂದರೂ ಕಿಟಕಿಗೆ ಹೋಗಿ ನೋಡಿ ಬರುವ ಮನುಷ್ಯನಿಗೆ ನಾನಿಟ್ಟ ಹೆಸರೇ ಸರಿ. ಇವತ್ತು ಸಭೆಯಲ್ಲಿ ಎಲ್ಲರೆದುರು ಅಂದ: "ಈ ಅಂಕಿ ತೆಗೆದಿರೋದು ಇವರು. ಬೇರೆ ಯಾರಾದ್ರೂ ತೆಗೀಲಿ, ಆಮೇಲೆ ಮಾತಾಡೋಣ."

'ಇವರು' ಅಂದರೆ ನಾನು. ಹದಿನಾರು ವರ್ಷದಿಂದ ಇಲ್ಲಿ ಸಹಾಯಕಿ. ಪದವಿ ಇಲ್ಲ. ಅಪ್ಪ ನಲ್ಲಿಗಳಿಗೆ, ಸೈಕಲ್ ಹ್ಯಾಂಡಲ್‌ಗಳಿಗೆ ನಿಕ್ಕಲ್, ಕ್ರೋಮಿಯಂ ಲೇಪ ಹಾಕುತ್ತಿದ್ದವನು. ಇಷ್ಟು ಸಾಕಲ್ಲ, ಅನುಮಾನ ಪಡುವುದಕ್ಕೆ.

ಅಂಕಿ ಏನೆಂದು ಬರೆದಿಡುತ್ತೇನೆ, ಮುಂದೆ ನಾನೇ ಓದುವಾಗ ಮರೆತಿರಬಾರದು. ನೀರಿಗೆ ಕರೆಂಟು ಕೊಟ್ಟು ಒಡೆದರೆ ಹೈಡ್ರೋಜನ್ ಬರುತ್ತದೆ. ನೀರು ಸುಮ್ಮನೆ ಒಡೆಯುವುದಿಲ್ಲ, ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚು ವೋಲ್ಟೇಜು ಕೇಳುತ್ತದೆ. ಆ ಹೆಚ್ಚುವರಿ ಎಷ್ಟು ಕಡಿಮೆಯೋ ಅಷ್ಟು ವಿದ್ಯುತ್ ಉಳಿತಾಯ. ಪ್ಲಾಟಿನಂ ಆದರೆ ನಲವತ್ತು ಮಿಲಿವೋಲ್ಟ್ ಸಾಕು, ಆದರೆ ಪ್ಲಾಟಿನಂ ಎಲ್ಲಿಂದ ತರುವುದು? ಅಗ್ಗದ ಲೋಹದಲ್ಲಿ ಅದೇ ಕೆಲಸ ಆಗಬೇಕು ಅನ್ನುವುದೇ ನಮ್ಮ ಕೋಣೆಯ ಹಟ. ನಾನು ನಿಕ್ಕಲ್ ಜಾಲರಿಯ ಮೇಲೆ ನಿಕ್ಕಲ್ ಮತ್ತು ಮಾಲಿಬ್ಡಿನಂ ಸೇರಿಸಿ ಲೇಪ ಹಾಕಿದ್ದೇನೆ. ಮೊದಲ ದಿನ ೧೩೮ ಕೇಳಿತು. ಹನ್ನೆರಡು ದಿನ ಬಿಡದೆ ಓಡಿದ ಮೇಲೆ ಇವತ್ತು ೧೨೧.

ಬೇರೆಯವರ ಜಾಲರಿಗಳು ಓಡಿ ಓಡಿ ಸೊರಗುತ್ತವೆ. ನನ್ನದು ದುಡಿದಷ್ಟೂ ಗಟ್ಟಿಯಾಗುತ್ತಿದೆ. ಅನುಮಾನ ಪಡಲಿ.

ಫೆಬ್ರವರಿ ೯

೯೭! ನೂರರ ಕೆಳಗೆ ಬಂತು.

ಮೇಡಂ ಕುರ್ಚಿಯಿಂದ ಎದ್ದು ಬಂದು ಪರದೆ ನೋಡಿದರು. ಈ ಕೋಣೆಯ ಮುಖ್ಯಸ್ಥೆ ಅವರು, ಹೊಗಳಿಕೆಯನ್ನು ಚಮಚದಲ್ಲಿ ಅಳೆದು ಕೊಡುವವರು. "ಪ್ರಬಂಧದಲ್ಲಿ ನಿಮ್ಮ ಹೆಸರೇ ಮೊದಲು ಹಾಕ್ತೀನಿ" ಅಂದರು. ನಾನು "ಆಯ್ತು ಮೇಡಂ" ಅಂದು ಬೀಕರ್ ತೊಳೆಯಲು ಹೋದೆ. ಸಿಂಕಿನ ಮುಂದೆ ನಿಂತು ನಕ್ಕೆ, ಕಣ್ಣಲ್ಲಿ ನೀರೂ ಬಂತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ರೇಡಿಯೋ ಬಿಚ್ಚಿಟ್ಟುಕೊಂಡು ಕೂತಿದ್ದ. "ಹೂಂ" ಅಂದ. ಕ್ರೋಮಿಯಂ ಹಬೆ ಕುಡಿದು ಕುಡಿದು ಅವನ ಮೂಗು ಸತ್ತು ಹದಿನೈದು ವರ್ಷವಾಯಿತು. ಹಾಲು ಸೀದರೂ ಗೊತ್ತಾಗುವುದಿಲ್ಲ, ಮಗಳು ಗೆದ್ದರೂ ಗೊತ್ತಾಗುವುದಿಲ್ಲ. ಕೋಪ ಬಂತು. ತೋರಿಸಲಿಲ್ಲ.

ಫೆಬ್ರವರಿ ೨೦

೬೬.

ಅನುಮಾನಪ್ಪ ದಿನಕ್ಕೊಂದು ಅನುಮಾನ ಹೊತ್ತು ಬರುತ್ತಾನೆ. ಸೋಮವಾರ: "ನೀರು ಬಿಸಿಯಾಗಿರಬಹುದು." ಥರ್ಮಾಮೀಟರ್ ಇಳಿಬಿಟ್ಟು ತೋರಿಸಿದೆ. ಮಂಗಳವಾರ: "ಜಾಲರಿ ಅಳತೆ ತಪ್ಪಿರಬಹುದು." ಅವನ ಸ್ಕೇಲಿನಲ್ಲೇ ಅಳೆದು ತೋರಿಸಿದೆ. ಬುಧವಾರ: "ಯಂತ್ರ ಕೆಟ್ಟಿರಬಹುದು." ಜಾಲರಿಯನ್ನು ಅವನ ಕೋಣೆಗೇ ಒಯ್ದು ಅವನ ಯಂತ್ರಕ್ಕೇ ಸಿಕ್ಕಿಸಿದೆ, ಅಲ್ಲೂ ಅದೇ ಅಂಕಿ. ಗುರುವಾರ ಬರಲಿಲ್ಲ. ಹಾಗಾಗಿ ಇವತ್ತು ದೊಡ್ಡ ಅಕ್ಷರದಲ್ಲಿ ೬೬ ಅಂತ ಮುದ್ರಿಸಿ ಅವನ ಬಾಗಿಲಿಗೆ ನಾನೇ ಅಂಟಿಸಿ ಬಂದೆ. ನಲವತ್ತೊಂದು ವರ್ಷದವಳು ಮಾಡುವ ಕೆಲಸವಲ್ಲ ನಿಜ. ಬಲು ಖುಷಿಯಾಯಿತು.

ಮಾರ್ಚ್ ೨೪ಕ್ಕೆ ಹಣ ಕೊಡುವ ಸಮಿತಿ ಬರುತ್ತದೆ. ನಮ್ಮ ಕೋಣೆ ಉಳಿಯಬೇಕೋ, ಬ್ಯಾಟರಿ ಸಂಶೋಧನೆಯವರಿಗೆ ಹೋಗಬೇಕೋ ಅಂದು ತೀರ್ಮಾನ. ಮೇಡಂ ಹೇಳಿದ್ದಾರೆ: "ನಿಮ್ಮ ಜಾಲರಿ ಮೇಲೇ ನಿಂತಿದೆ ನೋಡಿ ಎಲ್ಲಾ." ನಿಲ್ಲಲಿ. ಹೊರುತ್ತದೆ.

ಫೆಬ್ರವರಿ ೨೮

೫೮. ಬರೆಯಲು ಪುರಸೊತ್ತಿಲ್ಲ. ಪ್ರಬಂಧ ಪತ್ರಿಕೆಗೆ, ವರದಿ ಸಮಿತಿಗೆ ಹೋಯಿತು.

ಮಾರ್ಚ್ ೫

ಬರೆದೇ ತೀರುತ್ತೇನೆ.

ನೀರು ಒಡೆಯಲು ಎರಡು ಲೋಹ ಬೇಕು. ಒಂದು ಕಡೆ ನನ್ನ ಜಾಲರಿ, ಎದುರಿಗೆ ಕರೆಂಟಿನ ದಾರಿ ಪೂರ್ತಿ ಮಾಡಲು ಒಂದು ಪ್ಲಾಟಿನಂ ತಂತಿಯ ಸುರುಳಿ. ಜಗತ್ತಿನ ಎಲ್ಲ ಪ್ರಯೋಗಾಲಯದಲ್ಲೂ ಇರುವಂಥದೇ. ದುಬಾರಿ ವಸ್ತುವಾದ್ದರಿಂದ ಸ್ಟೋರಿನವರು ಅದನ್ನು ತೂಕ ಮಾಡಿ, ರಿಜಿಸ್ಟರಿನಲ್ಲಿ ಬರೆದು, ನಮ್ಮ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ವರ್ಷಕ್ಕೊಮ್ಮೆ ತೂಕ ನೋಡುತ್ತಾರೆ. ಇವತ್ತು ನೋಡಿದರು.

ಆರು ಮಿಲಿಗ್ರಾಂ ಕಡಿಮೆ.

ಸ್ಟೋರಿನವರು ಮೂರು ಸಲ ತೂಗಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮಾ, ಇದು ಸವೆಯೋ ವಸ್ತು ಅಲ್ಲ. ಕರಗೋ ವಸ್ತು ಅಲ್ಲ. ನಿಮ್ಮ ಸಹಿಯಲ್ಲಿ ಹೋಗಿದೆ. ಎಲ್ಲಿಗೆ ಹೋಯ್ತು ಅಂತ ಎರಡು ವಾರದಲ್ಲಿ ಬರೆದುಕೊಡಿ."

"ನಾನೇನು ಕತ್ತರಿಸಿಕೊಂಡು ಮನೆಗೆ ಒಯ್ದೆ ಅಂತಲಾ?"

"ನಾನು ಹಾಗೆ ಅನ್ನಲಿಲ್ಲ."

"ಅನ್ನೋದೇನು ಬಾಕಿ ಇದೆ?"

ಹೊರಗೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. ಎಲ್ಲರಿಗೂ ಕೇಳಿಸಿತು.

ಮಾರ್ಚ್ ೬

ಊಟದ ಕೋಣೆಯಲ್ಲಿ ನಾನು ಹೋದಾಗ ಮಾತು ನಿಂತಿತು. ಯಾರೋ ಅಂದದ್ದು ಅರ್ಧ ಕೇಳಿತು: "...ಅವರಪ್ಪಂದು ಲೇಪದ ಅಂಗಡಿ ಇತ್ತಲ್ಲ, ಲೋಹದ ಬೆಲೆ ಗೊತ್ತಿರುತ್ತೆ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಲ್ಲ ನಾನು. ತಟ್ಟೆ ತಗೊಂಡು ಅವರ ನಡುವೆಯೇ ಹೋಗಿ ಕೂತೆ, ಪೂರ್ತಿ ಊಟ ಮಾಡಿದೆ, ಒಂದು ಅಗುಳೂ ಬಿಡಲಿಲ್ಲ. ರುಚಿ ಏನಿತ್ತೋ ತಿಳಿಯಲಿಲ್ಲ.

ಮಧ್ಯಾಹ್ನ ಮೇಡಂ ಕರೆದರು. ಬಾಗಿಲು ಹಾಕಿ ಮೆಲ್ಲಗೆ ಅಂದರು: "ತೊಳೆಯೋವಾಗ ತುದಿ ಮುರಿದು ಸಿಂಕಿಗೆ ಹೋಯ್ತು ಅಂತ ಬರೆದು ಸಹಿ ಹಾಕಿಬಿಡಿ. ಎಚ್ಚರಿಕೆಯಿಂದಿರಿ ಅಂತ ಒಂದು ಪತ್ರ ಬರುತ್ತೆ, ಅಷ್ಟೇ. ಸಮಿತಿ ಬರೋ ಹೊತ್ತಲ್ಲಿ ಈ ಗಲಾಟೆ ಬೇಡ."

"ಮುರಿದಿಲ್ಲವಲ್ಲ ಮೇಡಂ."

"ಗೊತ್ತು."

"ಹದಿನಾರು ವರ್ಷದಲ್ಲಿ ನನ್ನ ಕೈಲಿ ಒಂದು ಗಾಜಿನ ಕಡ್ಡಿ ಮುರಿದಿಲ್ಲ. ಮುರಿಯದೇ ಇದ್ದದ್ದನ್ನ ಮುರಿದೆ ಅಂತ ಬರೆಯಲ್ಲ."

ಯಾರೋ ತಂತಿ ಕದ್ದು ನನ್ನ ಬಾಯಿಗೆ ಒರೆಸಿದ್ದಾರೆ, ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ. ಆ ಕೋತಿ ಯಾರೆಂದು ಹಿಡಿದೇ ಹಿಡಿಯುತ್ತೇನೆ. ನನಗೆ ಅನುಮಾನಪ್ಪನ ಮೇಲೇ ಅನುಮಾನ.

ಮಾರ್ಚ್ ೮

ಭಾನುವಾರ. ಅಪ್ಪನಿಗೆ ಹೇಳಬಾರದು ಅಂದುಕೊಂಡಿದ್ದೆ. ಬಟ್ಟೆ ಒಣಹಾಕುವಾಗ ಬಾಯಿ ತಪ್ಪಿ ಎಲ್ಲ ಬಂತು. ಕಳ್ಳಿ ಅನ್ನಿಸಿಕೊಂಡದ್ದನ್ನೂ ಹೇಳಿಬಿಟ್ಟೆ. ಅಪ್ಪ ಒಂದೊಂದೇ ಕ್ಲಿಪ್ಪು ಎತ್ತಿ ಕೊಡುತ್ತ ಕೇಳಿಸಿಕೊಂಡ. ಸಮಾಧಾನ ಹೇಳುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಬೇರೆ.

"ಆ ತಂತಿ ಎಲ್ಲಿರುತ್ತೆ?"

"ಪಾತ್ರೇಲಿ. ನನ್ನ ಜಾಲರಿ ಎದುರಿಗೆ."

"ಎದುರಿಗೆ ಅಂದ್ರೆ? ಪ್ಲಸ್ ಕಡೆಗಾ?"

"ಹೂಂ."

"ಎಷ್ಟು ದಿನ ಓಡಿಸ್ದೆ?"

"ಆರು ವಾರ ಆಯ್ತು."

ಅಪ್ಪ ಕ್ಲಿಪ್ಪಿನ ಬುಟ್ಟಿ ಕೆಳಗಿಟ್ಟ. "ಮಗಾ, ಪ್ಲಸ್ ಕಡೆ ತೂಗುಹಾಕಿದ್ದು ಮೈನಸ್ ಕಡೆಗೆ ಹೋಗಿ ಕೂರುತ್ತೆ. ನನ್ನ ಅಂಗಡೀಲಿ ನಲವತ್ತು ವರ್ಷ ಅದೇ ತಾನೇ ಆಗ್ತಿದ್ದಿದ್ದು? ಹಾಗೇ ಅಲ್ವಾ ನಲ್ಲಿಗೆ ನಿಕ್ಕಲ್ ಹತ್ತೋದು?"

"ಅಪ್ಪಾ, ಪ್ಲಾಟಿನಂ ಕರಗಲ್ಲ."

"ಯಾರಂದ್ರು?"

"ಎಲ್ಲರೂ. ಪುಸ್ತಕದಲ್ಲೇ ಇದೆ."

"ಕರಗಲ್ಲ ಅಂದ್ರೆ ಬೇಗ ಕರಗಲ್ಲ ಅಂತ ಇರಬೇಕು" ಅಂದು ಅಪ್ಪ ಮತ್ತೆ ಬುಟ್ಟಿ ಎತ್ತಿಕೊಂಡ. "ನಿನ್ನ ಕಳ್ಳ ಎಲ್ಲೂ ಹೋಗಿಲ್ಲ ಕಣೇ. ನಿನ್ನ ಜಾಲರಿ ಮೇಲೇ ಕೂತಿದ್ದಾನೆ."

ನಾನು ಒದ್ದೆ ದುಪ್ಪಟ್ಟಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ನಲವತ್ತು ವರ್ಷ ಲೇಪ ಹಾಕಿದವನ ಮಗಳು. ಎದುರಿಗೆ ಏನಿದೆ ಅಂತ ನೋಡಲಿಲ್ಲ.

ಮಾರ್ಚ್ ೯

ಇಲ್ಲ. ಅಪ್ಪನಿಗೆ ವಯಸ್ಸಾಗಿದೆ. ಅವನದು ನಲ್ಲಿ, ನಮ್ಮದು ವಿಜ್ಞಾನ.

ಮಾರ್ಚ್ ೧೦

ಬೆಳಿಗ್ಗೆ ಬೇಗ ಹೋದೆ. ಅದೇ ದಿನ ಅದೇ ಕೈಯಲ್ಲಿ ಮಾಡಿದ ಇನ್ನೊಂದು ಜಾಲರಿ ಡಬ್ಬಿಯಲ್ಲಿತ್ತು. ಹೊಸ ಪಾತ್ರೆ, ಕರೆಂಟು ಹರಿಯಲೆಂದು ಕ್ಷಾರ ಬೆರೆಸಿದ ಹೊಸ ಕಾಸ್ಟಿಕ್ ನೀರು. ಎದುರಿಗೆ ಪ್ಲಾಟಿನಂ ಬದಲು ಒಂದು ನಿಕ್ಕಲ್ ಪಟ್ಟಿ ತೂಗುಹಾಕಿದೆ.

೧೩೮.

ಮೊದಲ ದಿನ ಹೇಗೂ ಅಷ್ಟೇ ಇರುತ್ತದೆ. ಓಡಲಿ. ಇದೂ ಇಳಿಯುತ್ತದೆ, ಅಪ್ಪನಿಗೆ ತೋರಿಸುತ್ತೇನೆ.

ಮಾರ್ಚ್ ೧೨

೧೩೮. ಇಳಿಯೇ ಅಂತ ಪಾತ್ರೆಯ ಮುಂದೆ ನಿಂತು ಬೇಡಿಕೊಂಡೆ. ಯಾರೂ ನೋಡಲಿಲ್ಲ.

ಮಾರ್ಚ್ ೧೪

೧೩೭. ಮರಳಿ ೧೩೮. ಐದನೇ ದಿನವೂ ಇಳಿದಿಲ್ಲ.

೫೮ ನನ್ನದಲ್ಲ. ನನ್ನ ಜಾಲರಿಯ ಬೆನ್ನ ಮೇಲೆ ಪ್ಲಾಟಿನಂ ಕೂತು ಸವಾರಿ ಮಾಡಿದೆ. ನಾನು ಅದನ್ನು ನನ್ನ ಜಾಲರಿಯ ಸಾಮರ್ಥ್ಯ ಅಂದುಕೊಂಡು ಊರೆಲ್ಲ ಡಂಗುರ ಹೊಡೆದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಬೇರೆಯವರಿಗೆ ಹೇಳುವುದು ಸುಲಭ.

ಮೇಡಂಗೆ ಹೇಳಿದೆ. "ಎಲ್ಲೋ ಓದಿದ್ದೆ" ಅಂದರು. "ಇಷ್ಟು ದಿನ ಓಡಿಸಿದ್ರೆ ಹೀಗಾಗುತ್ತೆ ಅಂತ. ಆದ್ರೆ ಆ ಸುರುಳಿ ದಿನಾ ಅಲ್ಲೇ ಇರುತ್ತಲ್ಲ, ಗೋಡೆ ಹಾಗೆ. ಗೋಡೆ ಯಾರು ನೋಡ್ತಾರೆ?"

ಅವರು ಬಿಟ್ಟುಕೊಟ್ಟರು ಅಂದುಕೊಂಡೆ. ಇಲ್ಲ.

"ಇನ್ನು ಹತ್ತೇ ದಿನ. ಸಮಿತಿ ಹೋಗಲಿ, ಆಮೇಲೆ ನಾವೇ ತಿದ್ದೋಣ. ಅಲ್ಲೀವರೆಗೆ ಸಿಂಕಿಗೆ ಹೋಯ್ತು ಅಂತ ಬರೆದುಕೊಡಿ. ಇದು ಅನುಮಾನ ಅಷ್ಟೇ, ಸಾಬೀತಾಗಿಲ್ಲವಲ್ಲ."

ಸಾಬೀತು ಮಾಡುವ ದಾರಿ ಒಂದೇ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಾರ್ಚ್ ೧೫

ಕಳ್ಳಿ ಅನ್ನಿಸಿಕೊಂಡರೆ ನನ್ನ ಜಾಲರಿ ಉಳಿಯುತ್ತದೆ, ಕೋಣೆ ಉಳಿಯುತ್ತದೆ, ಪ್ರಬಂಧದಲ್ಲಿ ಹೆಸರು ಮೊದಲು ಬರುತ್ತದೆ. ಕಳ್ಳಿ ಅಲ್ಲ ಅಂತ ತೋರಿಸಿದರೆ ಇವು ಯಾವುವೂ ಇಲ್ಲ. ಇಂಥ ಆಯ್ಕೆಯನ್ನು ಮಾಡಿಟ್ಟವನಿಗೆ ಹಿಡಿಶಾಪ.

ಅಪ್ಪ ಟೀ ತಂದಿಟ್ಟು ಪಕ್ಕದಲ್ಲಿ ಕೂತ. ನಾನೇ ಕೇಳಿದೆ: "ಅಂಗಡೀಲಿ ಲೇಪ ಕೆಟ್ಟರೆ ಏನ್ಮಾಡ್ತಿದ್ದೆ?"

"ಆಸಿಡ್‌ಗೆ ಹಾಕಿ ಕಿತ್ತುಬಿಡ್ತಿದ್ದೆ."

"ಗಿರಾಕಿ ಬಾಗಿಲಲ್ಲಿ ಕಾಯ್ತಾ ನಿಂತಿದ್ರೆ?"

"ಅವನೆದುರಿಗೇ ಕೀಳ್ತಿದ್ದೆ. ಬೈಯೋನು. ಆಮೇಲೆ ಮತ್ತೆ ಬರೋನು." ಲೋಟ ನನ್ನ ಕಡೆ ಸರಿಸಿ, "ಒಬ್ಬಿಬ್ಬರು ಬರಲಿಲ್ಲ" ಅಂದ.

ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ ಅಂತ ಅವನ ಮೇಲೆ ಪ್ರೀತಿ ಬಂತು.

ಮಾರ್ಚ್ ೧೬

ಕರಗಿಸಿದೆ.

ಚಿನ್ನವನ್ನೂ ಕರಗಿಸುವ ಎರಡು ಆಮ್ಲಗಳ ಮಿಶ್ರಣ. ಅದರಲ್ಲಿ ಹಾಕಿದರೆ ಜಾಲರಿ, ಲೇಪ, ಮೇಲೆ ಕೂತಿರುವ ಕಳ್ಳ, ಎಲ್ಲವೂ ನೀರಾಗುತ್ತವೆ. ಆ ನೀರಿನಲ್ಲಿ ಯಾವ ಲೋಹ ಎಷ್ಟಿದೆ ಅಂತ ಮೇಲಿನ ಮಹಡಿಯ ಯಂತ್ರ ಹೇಳುತ್ತದೆ. ಆದರೆ ಜಾಲರಿ ವಾಪಸು ಬರುವುದಿಲ್ಲ. ೫೮ ತೋರಿಸುವ ಜಾಲರಿ ಜಗತ್ತಿನಲ್ಲಿ ಅದೊಂದೇ.

ಕದ್ದು ಮಾಡಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ, ಮೇಡಂ ಕೋಣೆಯಲ್ಲಿದ್ದಾಗ, ಇಕ್ಕಳದಲ್ಲಿ ಜಾಲರಿ ಹಿಡಿದುಕೊಂಡು ಹೇಳಿದೆ: "ಮೇಡಂ, ಹಾಕ್ತಿದ್ದೀನಿ."

"ಇದನ್ನ ಹಾಕಿದ್ರೆ ನಮ್ಮ ಹತ್ರ ತೋರಿಸೋಕೆ ಏನೂ ಇರಲ್ಲ."

"೧೩೮ ಇದೆ."

"ಅದನ್ನ ಯಾರು ಕೇಳ್ತಾರೆ?"

"ಕೇಳದೇ ಇದ್ರೂ ನಮ್ದೇ ಅದು."

ಅವರು ಎದ್ದು ಬಂದು ಹೊಗೆ ಎಳೆಯುವ ಫ್ಯಾನಿನ ಗುಂಡಿ ಒತ್ತಿದರು. "ಮುಖಕ್ಕೆ ಗಾಜು ಹಾಕ್ಕೊಳ್ಳಿ" ಅಂದರು.

ಗುಳ್ಳೆ ಎದ್ದವು. ಮಿಶ್ರಣ ಹಸಿರಾಯಿತು. ಹತ್ತು ನಿಮಿಷದಲ್ಲಿ ಏನೂ ಇರಲಿಲ್ಲ. ಮೂರು ತಿಂಗಳ ಕೆಲಸಕ್ಕೆ ಹತ್ತು ನಿಮಿಷ. ಅಳುತ್ತೇನೆ ಅಂದುಕೊಂಡಿದ್ದೆ. ಹಸಿವಾಯಿತು.

ಮಾರ್ಚ್ ೧೮

ಜಾಲರಿಯ ಮೇಲೆ ೪.೧ ಮಿಲಿಗ್ರಾಂ ಪ್ಲಾಟಿನಂ. ಹಳೆಯ ಕಾಸ್ಟಿಕ್ ನೀರಿನಲ್ಲಿ ಮತ್ತು ಪಾತ್ರೆಯ ಗೋಡೆಯಲ್ಲಿ ೧.೬. ಒಟ್ಟು ೫.೭.

ಕಾಗದ ತಗೊಂಡು ಸ್ಟೋರಿಗೆ ಹೋದೆ. ಸಾಲಿನಲ್ಲಿ ಜನ ಇರುವ ಹೊತ್ತು ನೋಡಿಕೊಂಡೇ ಹೋದೆ. ಸ್ಟೋರಿನವರು ಓದಿದರು, ಮತ್ತೆ ಓದಿದರು, ಕನ್ನಡಕ ಒರೆಸಿದರು.

"ಅಂದ್ರೆ ಕರಗುತ್ತೆ."

"ಕರಗುತ್ತೆ."

"ಮೂವತ್ತು ವರ್ಷದಿಂದ ತೂಗ್ತಾ ಇದ್ದೀನಮ್ಮಾ. ಚೂರುಪಾರು ಕಮ್ಮಿ ಬಂದಾಗೆಲ್ಲ ತಕ್ಕಡಿದೇ ತಪ್ಪು ಅಂತ ಬಿಟ್ಟುಬಿಡ್ತಿದ್ದೆ. ಈ ಸಲ ಜಾಸ್ತಿ ಆಗಿತ್ತು ಅಂತ..." ಅಂದವರು ಎದ್ದು ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅಂದರು: "ತಪ್ಪಾಯ್ತಮ್ಮಾ." ಆಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದು, "ಉಳಿದ ಪಾಯಿಂಟ್ ಮೂರು ಎಲ್ಲಿ?" ಅಂತ ಕೇಳಿದರು.

"ಗೊತ್ತಿಲ್ಲ" ಅಂದೆ. 'ಗೊತ್ತಿಲ್ಲ' ಅಂತಲೇ ಬರೆದರು. ಅಡಿಯಲ್ಲಿ ಸಹಿ ಹಾಕಿದೆ.

ಮಾರ್ಚ್ ೨೪

ಮೂವರು ಬಂದಿದ್ದರು. ಹಿರಿಯ ಹೆಂಗಸೊಬ್ಬರು ಎಲ್ಲ ಕಾಗದ ಓದಿಕೊಂಡೇ ಬಂದಿದ್ದರು. ಕೂತ ಕೂಡಲೇ ಕೇಳಿದರು: "ವರದಿಯಲ್ಲಿ ೫೮ ಅಂತ ಇತ್ತು. ಇಲ್ಲಿ ಬೋರ್ಡಿನ ಮೇಲೆ ೧೩೮ ಇದೆಯಲ್ಲ?"

ಮೇಡಂ ನನ್ನ ಕಡೆ ನೋಡಿದರು. ಉತ್ತರ ಹೇಳುವ ಹಕ್ಕನ್ನು ಕೊಟ್ಟ ಹಾಗಿತ್ತು.

"೫೮ ಪ್ಲಾಟಿನಂದು. ೧೩೮ ನಮ್ದು" ಅಂದೆ.

"ಹೇಗೆ ಗೊತ್ತಾಯ್ತು?"

"ತೂಗಿ ನೋಡಿದ್ವಿ."

ಬ್ಯಾಟರಿಯ ಕಡೆಯವರೊಬ್ಬರು ನಕ್ಕರು. ಹಿರಿಯರು ನಗಲಿಲ್ಲ. "ಹದಿನಾಲ್ಕು ದಿನದಿಂದ ಕದಲಿಲ್ಲವಾ ಇದು?" "ಕದಲಿಲ್ಲ. ಕೆಳಗೂ ಇಳಿದಿಲ್ಲ, ಮೇಲೂ ಹೋಗಿಲ್ಲ." "ನಾಳೆ?" "ನಾಳೆ ಬಂದು ನೋಡಿ" ಅಂದುಬಿಟ್ಟೆ. ಮೇಡಂ ಕೆಮ್ಮಿದರು.

ಸಂಜೆ ತೀರ್ಮಾನ ಬಂತು. ಕೋಣೆಯ ಅರ್ಧ ಬ್ಯಾಟರಿಯವರಿಗೆ. ನಮಗೆ ಅರ್ಧ ಕೋಣೆ, ಆರು ತಿಂಗಳು. ಪ್ರಬಂಧ ವಾಪಸು ಪಡೆಯಬೇಕು. ಜೊತೆಗೊಂದು ಆದೇಶ: ಈ ಕಟ್ಟಡದಲ್ಲಿರುವ ಪ್ಲಾಟಿನಂ ಸುರುಳಿಗಳನ್ನೆಲ್ಲ ಪ್ರತಿ ಪ್ರಯೋಗದ ಮೊದಲೂ ಕೊನೆಗೂ ತೂಗಬೇಕು, ಹಳೆಯವನ್ನೂ ತೂಗಿ ಬರೆಯಬೇಕು.

ಅರ್ಧ ಕೋಣೆಯಲ್ಲಿ ಕಿಟಕಿ ಇರುವ ಅರ್ಧ ನಮಗೇ ಬೇಕು ಅಂತ ಹೋಗಿ ಜಗಳ ಆಡಿ ತಗೊಂಡೆ. ಹಟ ನನಗೆ ಹುಟ್ಟುಗುಣ. ನಾನೇನೂ ಬದಲಾಗಿಲ್ಲ.

ಮಾರ್ಚ್ ೨೭

೧೩೮.

ಮಧ್ಯಾಹ್ನ ಪಕ್ಕದ ಕೋಣೆಯವರು ಬಂದರು. ಬಾಗಿಲಲ್ಲೇ ನಿಂತರು. ಕೈಯಲ್ಲಿ ಟಿಶ್ಯೂ ಕಾಗದದ ಪೊಟ್ಟಣ.

"ನಿಮ್ಮ ತಕ್ಕಡಿ ಒಂದು ನಿಮಿಷ ಸಿಗುತ್ತಾ?"

"ನಿಮ್ಮ ಕೋಣೇಲೇ ಇದೆಯಲ್ಲ ಸರ್?"

"ಇದೆ. ಅಲ್ಲಿ ಎಲ್ಲರೂ ಇದ್ದಾರೆ."

ಪೊಟ್ಟಣ ಬಿಚ್ಚಿದರು. ಅವರ ಪ್ಲಾಟಿನಂ ಸುರುಳಿ. ಎರಡು ವರ್ಷದ ಹಿಂದೆ, ಇದೇ ಸುರುಳಿ ಎದುರಿಗಿಟ್ಟು ಮಾಡಿದ ಅವರ ಕೋಬಾಲ್ಟ್ ಪಟ್ಟಿಯ ಪ್ರಬಂಧ ಪ್ರಕಟವಾಗಿತ್ತು. ಅದನ್ನು ನಾನೂ ಓದಿದ್ದೆ. ಓಡಿದಷ್ಟೂ ಉತ್ತಮವಾಗುತ್ತದೆ ಅಂತ ಅದರಲ್ಲಿ ದಪ್ಪಕ್ಷರದಲ್ಲಿತ್ತು. ನನ್ನ ನೀರು, ನನ್ನ ಅಳತೆ, ನನ್ನ ಯಂತ್ರ ಎಲ್ಲದರ ಮೇಲೂ ಅನುಮಾನ ಪಟ್ಟವರು ಅದೊಂದರ ಮೇಲೆ ಪಟ್ಟಿರಲಿಲ್ಲ.

ಇಂಥ ದಿನ ಬಂದರೆ ಅನ್ನಬೇಕು ಅಂತ ನಾನು ಎಷ್ಟು ಮಾತು ಕೂಡಿಟ್ಟಿದ್ದೆ! ಒಂದೂ ನೆನಪಾಗಲಿಲ್ಲ. ಕಿಟಕಿ ಮುಚ್ಚಿದೆ, ಫ್ಯಾನ್ ಆರಿಸಿದೆ, ಗಾಳಿಗೆ ತಕ್ಕಡಿ ಅಲ್ಲಾಡುತ್ತದೆ. ಸುರುಳಿಯನ್ನು ಇಕ್ಕಳದಲ್ಲಿ ಎತ್ತಿ ತಟ್ಟೆಯ ನಡುವೆ ಇಟ್ಟೆ.

ಸ್ಟೋರಿನವರು ಕೊಟ್ಟಾಗಿನ ತೂಕಕ್ಕಿಂತ ಒಂಬತ್ತು ಮಿಲಿಗ್ರಾಂ ಕಡಿಮೆ.

ಅವರು ಸ್ಟೂಲಿನ ಮೇಲೆ ಕೂತರು. "ಇನ್ನೊಂದ್ಸಲ ನೋಡ್ತೀರಾ?" ನೋಡಿದೆ. ಮತ್ತೊಂದು ಸಲವೂ ನೋಡಿದೆ. ಒಂಬತ್ತೇ.

"ಆ ಪ್ರಬಂಧ ನೋಡಿಯೇ ನನ್ನನ್ನ ಇಲ್ಲಿ ಖಾಯಂ ಮಾಡಿದ್ದು" ಅಂದರು. ನನಗೆ ಹೇಳಿದ್ದೋ, ತಕ್ಕಡಿಗೆ ಹೇಳಿದ್ದೋ.

ಸುರುಳಿಯನ್ನು ಮತ್ತೆ ಟಿಶ್ಯೂ ಕಾಗದದಲ್ಲಿ ಸುತ್ತುತ್ತ ಕೇಳಿದೆ: "ಪಟ್ಟಿ ಇನ್ನೂ ಇದೆಯಾ?"

"ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೀನಿ."

"ತನ್ನಿ. ಆಸಿಡ್ ನಾನೇ ಬೆರೆಸಿಕೊಡ್ತೀನಿ, ಅದು ಕೈ ಪಳಗಿದವರೇ ಮಾಡಬೇಕು. ಎದುರಿಗೆ ಹಾಕೋಕೆ ನಿಕ್ಕಲ್ ಪಟ್ಟಿ ನನ್ನತ್ರ ಎರಡಿದೆ, ಒಂದು ತಗೊಳ್ಳಿ. ಮೊದಲ್ನೇ ದಿನ ಅಂಕಿ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಐದನೇ ದಿನಕ್ಕೆ ಸರಿಹೋಗುತ್ತೆ."

ಆದೇಶದ ಪ್ರಕಾರ ತಕ್ಕಡಿಯ ಪಕ್ಕ ಇಟ್ಟಿದ್ದ ತೂಕದ ರಿಜಿಸ್ಟರನ್ನು ನೋಡುತ್ತ ಅವರು ಕೇಳಿದರು: "ಇವತ್ತೇ ಬರೀಬೇಕಾ?"

ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟೆ. ಪುಸ್ತಕ ಅಲ್ಲಾಡದ ಹಾಗೆ ಅಂಚು ಹಿಡಿದುಕೊಂಡೆ.

ಬರೆದರು.